ಕತ್ತಲೆ ಒಂದು, ಓಣಿ ಒಂದು

ವಾಸ್ಕೋ ಸ್ಟೇಷನ್ನಿನ ಹಿಂದೆ ನನ್ನ ಅಂಗಡಿ.
ಬಂದರಿನ ಕಲ್ಲಿದ್ದಲ ಪುಡಿ ದಿನಾ ಬೆಳಿಗ್ಗೆ
ನನಗಿಂತ ಮೊದಲೇ ಬಂದು
ಕೀಲಿಮಣೆಯ ಮೇಲೆ ಕೂತಿರುತ್ತದೆ.
ಒರೆಸುತ್ತಿದ್ದೆ. ಹುಲಿಗೆವ್ವ ಬಂದಳು,
ಸೆರಗಿನ ಗಂಟು ಬಿಚ್ಚಿ
ಹೆಬ್ಬೆರಳ ಉಗುರಿನಷ್ಟು ಕಾರ್ಡೊಂದನ್ನು
ಗಾಜಿನ ಮೇಲಿಟ್ಟಳು.
“ಇದರಾಗ ನಮ್ಮ ಮನಿ ಐತಿ. ತಗದು ಕೊಡು.”

ಸಮುದ್ರದ ದಂಡೆಯ ಆ ಓಣಿ ಈಗಿಲ್ಲ.
ಬುಲ್ಡೋಜರ್ ಬರುವ ಹಿಂದಿನ ಸಂಜೆ
ಅವಳ ತಮ್ಮ ದುರುಗಪ್ಪ ಫೋನು ಹಿಡಿದು
ಓಣಿಯ ಬಾಯಿಂದ ಮನೆಯ ಬಾಗಿಲವರೆಗೆ ನಡೆದಿದ್ದ.
ಬಾಗಿಲ ಮೇಲೆ ನೀಲಿ ಬಣ್ಣದ ನಂಬರು.
ಕಚೇರಿಯವರಿಗೆ ಆ ನಂಬರು ಬೇಕಂತೆ,
ಇಪ್ಪತ್ತು ವರ್ಷದ ಮೇಲೆ, ಈಗ.

ಥ್ರೀಜಿಪಿ ಫೈಲು. ಆ ಜಾತಿಯನ್ನು ಈಗಿನ ಫೋನು ಹೆರುವುದಿಲ್ಲ.
ಪರಿವಿಡಿಯನ್ನು ಕೊನೆಯ ಪುಟಕ್ಕೆ ಬಿಟ್ಟುಕೊಂಡ ಪುಸ್ತಕ ಅದು:
ಯಾವ ಚಿತ್ರ ಎಲ್ಲಿ, ಯಾವ ದನಿ ಯಾವುದರ ಜೊತೆಗೆ,
ಎಲ್ಲ ಮುಗಿದ ಮೇಲೆ ಬರೆದಿಟ್ಟು ಕಣ್ಣು ಮುಚ್ಚಬೇಕು.
ಬರೆಯುವ ಮೊದಲೇ ಬ್ಯಾಟರಿ ಸತ್ತಿತ್ತು.
ಓಣಿ ಪೂರ್ತಿ ಒಳಗಿದೆ; ದಾರಿ ಹೇಳುವವರಿಲ್ಲ.

“ಅದೇ ಫೋನಿಂದು, ಕೆಡದ ಇನ್ನೊಂದು ವಿಡಿಯೋ ಐತೇನಬೇ?
ಯಾವುದಾದರೂ ಸರಿ. ಅಳತಿಗೆ.”
ಟೇಲರನಿಗೆ ಹಳೆಯ ಕುಪ್ಪಸ ಕೊಟ್ಟವಳಿಗೆ
ಅದಕ್ಕಿಂತ ಬಿಡಿಸಿ ಹೇಳಬೇಕಾಗಲಿಲ್ಲ.

ಒಂದಿತ್ತು. ಒಂಬತ್ತು ಸೆಕೆಂಡು, ಬರೀ ಕತ್ತಲೆ.
ಚೀಲದೊಳಗೆ ಫೋನು ತಾನೇ ಗುಂಡಿ ಒತ್ತಿಕೊಂಡದ್ದು:
ಚಿಲ್ಲರೆಯ ಕುಲುಕು, ಒಣಮೀನು ಸುತ್ತಿದ ಕಾಗದ,
ದೂರದಲ್ಲಿ ಕಂಡಕ್ಟರ್, ಮಡಗಾಂವ್ ಮಡಗಾಂವ್ ಮಡಗಾಂವ್.
ಇಷ್ಟು ವರ್ಷ ಯಾರೂ ಅಳಿಸದೆ ಬಿಟ್ಟದ್ದು
ಪ್ರೀತಿಯಿಂದಲ್ಲ.
ಅಳಿಸುವುದು ಹೇಗೆಂದು ಗೊತ್ತಿರಲಿಲ್ಲ, ಅಷ್ಟೆ.

ಆ ಕತ್ತಲೆಯ ಅಳತೆ ಹಿಡಿದು ಓಣಿ ಹೊಲಿಯಲು ಕೂತೆ.
ಮೊದಲ ದಿನ ಹಸಿರು ಚೌಕ, ನೇರಳೆ ಚೌಕ,
ಕೌದಿ ಬಿಚ್ಚಿ ಚೆಲ್ಲಿದ ಹಾಗೆ.
ಎರಡನೆಯ ದಿನ ಒಂದು ಬಕೆಟ್ಟು.
ಬಕೆಟ್ಟು ಕಂಡು ಎದ್ದು ಹೋಗಿ ಚಹಾ ಕುಡಿದು ಬಂದೆ.
ಮೂರನೆಯ ಸಂಜೆ, ದಾಬೋಳಿಗೆ ವಿಮಾನ ಇಳಿಯುವಾಗ,
ಬಾಗಿಲು ಬಂತು.

ಬಾಗಿಲ ಮೇಲೆ ನೀಲಿ ಕಲೆ. ಮೂರೋ ಎಂಟೋ.
ಹಿಗ್ಗಿಸಿದರೆ ಕಲೆ ದೊಡ್ಡದಾಗುತ್ತದೆ, ಅಂಕಿ ಆಗುವುದಿಲ್ಲ.
ಸುಳ್ಳೇಕೆ, ನನ್ನ ಕೈ ಮೌಸಿನ ಮೇಲೆ ಹೋಯಿತು:
ಎರಡೇ ಎರಡು ಚುಕ್ಕಿ ತುಂಬಿದರೆ
ಯಾವ ಸಾಹೇಬನಿಗೆ ತಿಳಿಯುತ್ತದೆ?

“ಚಿತ್ರ ಬಿಡು. ದನಿ ಹಚ್ಚು,” ಅಂದಳು, ಕಣ್ಣು ಮುಚ್ಚಿದಳು.
ಚಪ್ಪಲಿ ನಡೆಯುತ್ತಿತ್ತು. ಅವಳ ಬೆರಳು ಮಡಚುತ್ತಿತ್ತು.
“ಹೊಲಿಗಿ ಮಷೀನು. ದಸ್ತಗೀರನ ಮನಿ, ಒಂದು.
ಕೂಸು ಅಳತೈತಿ, ಪಾರೋತೆವ್ವಂದು, ಎರಡು.
ಇಲ್ಲಿ ಕೀಲಿ ಹಾಕಿತ್ತು, ಏನೂ ಕೇಳಂಗಿಲ್ಲ, ಮೂರು.
ಪಂಪ್ ಸ್ಟೋ ಭರ್ ಅಂತೈತಿ. ನಾಕು.”
ಐದರ ಹತ್ತಿರ ಯಾರೋ ಗಂಡಸು ಕೆಮ್ಮಿದ.
ಹೆಸರು ಹೇಳಲಿಲ್ಲ. ಬೆರಳು ಮಾತ್ರ ಮಡಚಿದಳು,
ಮಡಚಿದ್ದನ್ನು ತುಸು ಹೊತ್ತು ಹಿಡಿದಿದ್ದಳು.
ರೇಡಿಯೋ, ಆರು. ಕೋಳಿ, ಏಳು.
ಚಪ್ಪಲಿ ನಿಂತಿತು.
“ಎಂಟು.”

“ಹಂಗಾದ್ರ ತುಂಬಿಬಿಡಲೇನಬೇ, ಎರಡು ಚುಕ್ಕಿ?”
“ಬ್ಯಾಡ. ಬಣ್ಣ ಬರದಾಂವ ದುರುಗ.
ಅವನ ಎಂಟು ಯಾವಾಗಲೂ ಬಾಯಿ ತಕ್ಕೊಂಡs ಇರತಿತ್ತು.”

ಕಿವಿಯ ಲೆಕ್ಕ ಕಚೇರಿಯಲ್ಲಿ ನಡೆಯುವುದಿಲ್ಲ.
ನನಗಿಂತ ಚೆನ್ನಾಗಿ ಅವಳಿಗೇ ಗೊತ್ತು.
ಬಾಯಿ ತೆರೆದ ಎಂಟನ್ನು ಹಾಗೇ ಪೆನ್ ಡ್ರೈವಿಗೆ ಹಾಕಿದೆ.
“ಆ ಕತ್ತಲಿನೂ ಹಾಕು. ಅಳತಿ ಕೊಟ್ಟೈತಿ, ಪಾಪ.”

ಬಿಲ್ಲಿನಲ್ಲಿ ವಿವರ ಬರೆಯಬೇಕಲ್ಲ. ಬರೆದೆ:
ಕತ್ತಲೆ ಒಂದು, ಓಣಿ ಒಂದು. ಮುನ್ನೂರು ರೂಪಾಯಿ.
ಇನ್ನೂರೈವತ್ತು ಎಣಿಸಿ ಗಾಜಿನ ಮೇಲಿಟ್ಟು,
“ನಂಬರ್ ಓದಾಕ ಬರಲಿಲ್ಲಲ್ಲ, ಐವತ್ತು ಹಿಡಕೊಂಡೀನಿ,”
ಅಂದು ಸೆರಗಿಗೆ ಗಂಟು ಹಾಕಿಕೊಂಡು ಹೋದಳು.